ನಿಂತ ಕಾರಿನ ಕೀರಲು

ಮಗಳು ತಡ ಮಾಡಿದ್ದರಿಂದ ಕಾರು ಗೇಟಿನ ಮುಂದೆ ಬಹಳ ಹೊತ್ತಿನಿಂದ ನಿಂತಲ್ಲೇ ಓಡುತ್ತಿತ್ತು. ಗಂಡ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಾ ಕೂತಿದ್ದ. ಮಗಳು ಮೆಟ್ಟಿಲ ಮೇಲೆ ಶೂ ಲೇಸಿನ ಜೊತೆ ಗುದ್ದಾಡುತ್ತಿದ್ದಳು. ಮಗಳ ಊಟದ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಡಲು ಕಿಟಕಿಯೊಳಗೆ ಬಗ್ಗಿದಾಗ ಅವಳಿಗೆ ಅದು ಮತ್ತೆ ಕೇಳಿಸಿತು. ಎಂಜಿನ್ನಿನ ಗುರುಗುರು ಸದ್ದಿನ ಮೇಲೆ, ಅದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ನೂಲಿನ ಎಳೆಯ ಹಾಗೆ ಒಂದು ಕೀರಲು. ಸೊಳ್ಳೆಯೊಂದು ಕಿವಿಯ ಹತ್ತಿರ ಬಂದು, ಮುಂದೆ ಹೋಗದೆ, ಅಲ್ಲೇ ಮನೆ ಮಾಡಿಕೊಂಡರೆ ಹೇಗೋ ಹಾಗೆ. ಕೆಲವು ದಿನಗಳಿಂದ ಅದು ಅವಳಿಗೆ ಕೇಳಿಸುತ್ತಿತ್ತು. ಅಷ್ಟೂ ದಿನ ತುಟಿ ಬಿಚ್ಚಿರಲಿಲ್ಲ. ಇವತ್ತು ಡಬ್ಬಿ ಕೈಬಿಟ್ಟ ಹೊತ್ತಿಗೆ ಮಾತೂ ಬಾಯಿಂದ ಜಾರಿತು.

"ರೀ, ಕಾರಲ್ಲಿ ಏನೋ ಶಬ್ದ ಬರ್ತಿದೆ ಅಲ್ವಾ?"

"ಯಾವ ಶಬ್ದ?"

"ಸಣ್ಣಗೆ. ಕೀ ಅಂತ."

ಅವನು ಥಟ್ಟನೆ ಎಂಜಿನ್ ಆರಿಸಿಬಿಟ್ಟ. ಎಂಜಿನ್ನಿನ ಶಬ್ದ ಕೇಳುವುದಕ್ಕೆ ಎಂಜಿನ್ನನ್ನೇ ಆರಿಸಿದ ಮನುಷ್ಯ! ಬೇರೆ ಕಾಲದಲ್ಲಾಗಿದ್ದರೆ ಅವಳು ಅವನ ಬೆನ್ನಿಗೆ ಗುದ್ದಿ ನಕ್ಕಿರುತ್ತಿದ್ದಳು. ಆದರೆ ಅವನು ಆಗಲೇ ಅವಳನ್ನು ನೋಡುತ್ತಿದ್ದ. ಆ ನೋಟ ಅವಳಿಗೆ ಹೊಸದಲ್ಲ. ಅದರಲ್ಲಿ ಸಿಟ್ಟಿಲ್ಲ, ಅನುಮಾನವೂ ಇಲ್ಲ. ಒಲೆಯ ಮೇಲಿಟ್ಟ ಹಾಲನ್ನು ನೋಡುವ ನೋಟ ಅದು. ಈಗ ಉಕ್ಕೀತೇ, ಇನ್ನೊಂದು ಕ್ಷಣಕ್ಕೆ ಉಕ್ಕೀತೇ ಎಂದು ಕೈಯಲ್ಲಿ ಬಟ್ಟೆ ಹಿಡಿದು ನಿಂತವರ ನೋಟ.

"ಈಗಲೂ ಕೇಳಿಸ್ತಿದೆಯಾ?" ಎಂದ, ಬಹಳ ಮೆತ್ತಗೆ.

"ಆಫ್ ಮಾಡಿದ ಮೇಲೆ ಹೇಗೆ ಕೇಳಿಸುತ್ತೆ?"

ಅವನ ಭುಜ ತುಸು ಸಡಿಲವಾದದ್ದನ್ನು ಅವಳು ಗಮನಿಸಿದಳು. ಮತ್ತೆ ಸ್ಟಾರ್ಟ್ ಮಾಡಿದ. ಕೀರಲು ಅಲ್ಲೇ ಇತ್ತು, ಬಿಟ್ಟ ಜಾಗದಿಂದಲೇ ಎತ್ತಿಕೊಂಡ ಹಾಗೆ. ಅವನು ತಲೆ ಓರೆ ಮಾಡಿ, ಹುಬ್ಬು ಗಂಟಿಕ್ಕಿ, ಪ್ರಾಮಾಣಿಕವಾಗಿ ಆಲಿಸಿದ. "ನಂಗೇನೂ ಕೇಳಿಸ್ತಿಲ್ಲ." ಅಷ್ಟರಲ್ಲಿ ಮಗಳು ಓಡಿಬಂದು ಹಿಂದಿನ ಬಾಗಿಲು ತೆಗೆದಳು. ಕೇಳಬಾರದಿತ್ತು, ಕೇಳಿಯೂ ಬಿಟ್ಟಳು. "ಪುಟ್ಟಿ, ನಿಂಗೆ ಏನಾದ್ರೂ ಶಬ್ದ ಕೇಳಿಸ್ತಿದೆಯಾ?" ಮಗಳು ಮೊದಲು ಅಪ್ಪನ ಮುಖ ನೋಡಿದಳು. ಆಮೇಲೆ "ಇಲ್ಲಮ್ಮ" ಎಂದಳು. ಆ ಒಂದು ಗಳಿಗೆಯ ಮುಖ ನೋಡುವಿಕೆ, ಉತ್ತರಕ್ಕಿಂತ ಮುಂಚೆ ಅಪ್ಪನ ಹತ್ತಿರ ಅಪ್ಪಣೆ ಕೇಳಿದ ಆ ಕಣ್ಣು, ಅವಳ ಎದೆಯಲ್ಲಿ ಚುಚ್ಚಿ ಮುರಿದ ಮುಳ್ಳಿನಂತೆ ಉಳಿಯಿತು.

"ಆಯ್ತು ಬಿಡು," ಎಂದ ಗಂಡ ಗೇರು ಹಾಕುತ್ತಾ, "ಹೇಗೂ ನಾಳೆ ಡಾಕ್ಟರ್ ಹತ್ರ ಹೋಗೋದಿದೆಯಲ್ಲ."

ಕಾರಿನ ಶಬ್ದಕ್ಕೆ ಡಾಕ್ಟರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಗೇಟಿನ ಕಂಬಿ ಹಿಡಿದು ನಿಂತಿದ್ದಳು. ನಾಳೆ ವೈದ್ಯೆ ಎಂದಿನಂತೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಗಂಡನನ್ನು ಕೇಳುತ್ತಾರೆ: ಹೇಗಿದ್ದಾರೆ? ನಿದ್ದೆ ಬರುತ್ತಾ? ಏನಾದರೂ ಕೇಳಿಸುತ್ತೆ ಅಂತಾರಾ? ಅವನು ಸುಳ್ಳು ಹೇಳುವವನಲ್ಲ. ಹೌದು, ಕಾರಿನಲ್ಲಿ ಏನೋ ಕೇಳಿಸುತ್ತೆ ಅಂತಾಳೆ ಎನ್ನುತ್ತಾನೆ. ಕಡಿಮೆಯಾಗುತ್ತಾ ಬಂದಿದ್ದ ಮಾತ್ರೆ ಮತ್ತೆ ಏರುತ್ತದೆ, ನಾಲಗೆ ಮತ್ತೆ ಹಸಿ ಹಿಟ್ಟಿನ ಮುದ್ದೆಯಾಗುತ್ತದೆ, ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದಿದ್ದ ಲ್ಯಾಬಿನ ದೊಡ್ಡವರು ಆತುರವೇನಿಲ್ಲ, ಪೂರ್ತಿ ವಾಸಿಯಾಗಲಿ ಎನ್ನುತ್ತಾರೆ. ಅದು ಹೇಗೆ ನಡೆಯುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು. ಎಲ್ಲರೂ ಒಳ್ಳೆಯವರೇ. ಒಳ್ಳೆಯವರ ನಡುವೆ ಸಿಕ್ಕಿಬಿದ್ದವರಿಗೆ ಜಗಳವಾಡಲೂ ಆಳು ಸಿಗುವುದಿಲ್ಲ.

ಒಳಗೆ ಬಂದು ಪಾತ್ರೆ ತೊಳೆಯಲು ನಿಂತಳು. ನಲ್ಲಿ ಸುಂಯ್ ಎಂದಿತು, ಅದು ನಲ್ಲಿಯದು. ಫ್ರಿಜ್ಜು ನಡುಗಿ ಸುಮ್ಮನಾಯಿತು, ಅದು ಫ್ರಿಜ್ಜಿನದು. ಈಚೆಗೆ ಅವಳು ಪ್ರತಿಯೊಂದು ಶಬ್ದಕ್ಕೂ ನಿನ್ನ ವಿಳಾಸ ಎಲ್ಲಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದಳು. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಕಾಯಿಲೆಯ ದಿನಗಳಲ್ಲಿ ಅವಳೊಬ್ಬಳಿಗೇ ಕೇಳಿಸುತ್ತಿದ್ದ ಆ ದನಿಗೂ ಒಂದು ವಿಳಾಸವಿತ್ತು. ಗೋಡೆಯಾಚೆಯಿಂದ, ಅತ್ತೆಯ ಗಂಟಲಿನಿಂದಲೇ, ಅತ್ತೆ ಮಾತಿನ ಕೊನೆಯಲ್ಲಿ ಎಳೆಯುವ ಆ ರಾಗದ ಸಮೇತ ಅದು ಯಾರಿಗೋ ಹೇಳುತ್ತಿತ್ತು: ಇವಳು ಲ್ಯಾಬಿನಲ್ಲಿ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಅಂಟಿಸ್ತಾಳೆ, ಇವಳ ಕೈಯಿಂದ ಯಾರೋ ಸತ್ತಿದ್ದಾರೆ, ಗೊತ್ತಾದರೂ ಬಾಯಿ ಮುಚ್ಚಿಕೊಂಡಿದ್ದಾಳೆ. ಹತ್ತಿ ತುರುಕಿದರೂ, ದಿಂಬಿನಲ್ಲಿ ತಲೆ ಹೂತರೂ ಅದು ನಿಲ್ಲುತ್ತಿರಲಿಲ್ಲ. ಕಿವಿ ಮುಚ್ಚಿದಷ್ಟೂ ಅದರ ಉಚ್ಚಾರ ಸ್ಪಷ್ಟವಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ನೀರು ಕುಡಿಯುತ್ತಿದ್ದ ಸ್ಟೀಲ್ ಲೋಟವನ್ನು ಗೋಡೆಗೆ ಎಸೆದಿದ್ದಳು, ಸಾಕು ನಿಲ್ಲಿಸಿ ಎಂದು. ಅದೇ ಹೊತ್ತಿಗೆ ಅತ್ತೆ ಬಾಗಿಲಿನಿಂದ ಒಳಗೆ ಬಂದಿದ್ದರು. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಕೇಳಿದವರಿಗೆಲ್ಲ ಅತ್ತೆ, ಬೀರುವಿನ ಬಾಗಿಲು ತಗುಲಿತು, ನನಗೇನು ಕಣ್ಣು ಕಾಣುತ್ತಾ ಎಂದರು. ಅಲ್ಲಿಂದೀಚೆಗೆ ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಅವರು ಅವಳ ಕೈಯಿಂದಲೇ ಕಾಫಿ ಕುಡಿಯುತ್ತಿದ್ದರು. ಲೋಟ ಕೊಡುವಾಗ ಪ್ರತಿದಿನವೂ ಆ ಗುರುತು ಅವಳ ಕಣ್ಣ ಮುಂದೆ ಬರುತ್ತಿತ್ತು, ಪ್ರತಿದಿನವೂ ಅವಳು ಅದರ ಪಕ್ಕಕ್ಕೆ ನೋಡುತ್ತಿದ್ದಳು.

ಆದ್ದರಿಂದ, ತನ್ನ ಕಿವಿಯ ಪರವಾಗಿ ಎದೆ ತಟ್ಟಿಕೊಂಡು ವಾದಿಸುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಪರೀಕ್ಷೆ ಮಾಡುವ ಹಕ್ಕು? ಲ್ಯಾಬಿನಲ್ಲಿ ರಕ್ತದ ಕೊಳವೆಗಳನ್ನು ಗಿರಗಿರ ತಿರುಗಿಸುವ ಯಂತ್ರವೊಂದಿತ್ತು. ಒಂದು ಕಡೆ ತೂಕ ತಪ್ಪಿದರೆ ಅದು ಅಳತೊಡಗುತ್ತಿತ್ತು. ಆಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದೊಂದೇ ಕೊಳವೆ ತೆಗೆದು, ಒಂದೊಂದೇ ಬದಲಾಯಿಸಿ, ಯಾವುದು ಎಂದು ಹುಡುಕುತ್ತಿದ್ದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸದಾಗಿ ಸೇರಿದವರಿಗೆ ಆ ಮಾತನ್ನು ಹೇಳಿಕೊಡುತ್ತಿದ್ದವಳು ಅವಳೇ. ಅವಳು ಕೈ ಒರೆಸಿಕೊಂಡಳು. ಹೊರಗೆ ಕಾರು ವಾಪಸ್ಸು ಬಂದು ನಿಂತ ಸದ್ದಾಯಿತು. ಅಂಗಡಿಯ ಬೀದಿಯಲ್ಲಿ ಸೂಜಿ ಊರಲೂ ಜಾಗವಿಲ್ಲದ್ದರಿಂದ ಗಂಡ ಮಗಳನ್ನು ಶಾಲೆಗೆ ಬಿಟ್ಟು, ಕಾರನ್ನು ಮನೆ ಮುಂದೆ ನಿಲ್ಲಿಸಿ, ಕೀಲಿಕೈಯನ್ನು ತಾಯಿಯ ಕೈಗೆ ಕೊಟ್ಟು, ತನ್ನ ಕನ್ನಡಕದ ಅಂಗಡಿಗೆ ನಡೆದು ಹೋಗುತ್ತಿದ್ದ. ಹೆಂಡತಿಯ ಕೈಗಲ್ಲ, ತಾಯಿಯ ಕೈಗೆ. ಕಾಯಿಲೆ ಶುರುವಾದಾಗಿನಿಂದ ಅವಳು ಕಾರು ಮುಟ್ಟಿರಲಿಲ್ಲ. ಅವನು ಹೋಗುವವರೆಗೆ, ಎಂಜಿನ್ ತಣ್ಣಗಾಗುವವರೆಗೆ ಕಾದಳು. ಮೊದಲಿನಿಂದ ನೋಡಬೇಕು, ತಣ್ಣಗಿರುವಾಗಿನಿಂದ.

ಅತ್ತೆ ಊಟದ ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದರು.

"ಅತ್ತೆ, ಕಾರಿನ ಕೀ ಕೊಡಿ."

"ಏನು?"

ಅತ್ತೆಯದು ಜಾಣ ಕಿವುಡೋ ನಿಜವಾದ ಕಿವುಡೋ ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅವಳು ಮತ್ತೊಮ್ಮೆ, ತುಸು ಜೋರಾಗಿ ಹೇಳಿದಳು. ಬಟಾಣಿಯ ಮೇಲೆ ಅತ್ತೆಯ ಬೆರಳು ನಿಂತವು.

"ಎಲ್ಲಿಗೆ ಹೋಗ್ಬೇಕೀಗ?"

"ಎಲ್ಲಿಗೂ ಇಲ್ಲ. ನಿಂತಲ್ಲೇ ಸ್ಟಾರ್ಟ್ ಮಾಡಿ ನೋಡ್ಬೇಕು. ಅದರಲ್ಲಿ ಒಂದು ಶಬ್ದ ಕೇಳಿಸ್ತಿದೆ ನಂಗೆ."

"ಅವನಿಗೆ ಕೇಳಿಸಿತಾ?"

"ಇಲ್ಲ."

ಅತ್ತೆ ಹೇಳದೆ ಬಿಟ್ಟದ್ದು ಬಟಾಣಿ ಸಿಪ್ಪೆಯ ರಾಶಿಯ ಹಾಗೆ ಮೇಜಿನ ಮೇಲೆ ಬಿದ್ದಿತ್ತು. ಇದೆ, ಖಂಡಿತ ಇದೆ ಎಂದು ಹೇಳುವುದಕ್ಕೆ ಅವಳು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ.

"ಇದೆಯೋ ಇಲ್ವೋ ನಂಗೂ ಗೊತ್ತಿಲ್ಲ ಅತ್ತೆ. ಅದಕ್ಕೇ ನೋಡ್ಬೇಕು ಅಂತಿರೋದು. ನೀವೂ ಬನ್ನಿ, ಪಕ್ಕದಲ್ಲೇ ಕೂತ್ಕೊಳ್ಳಿ."

"ನಾನು ಬಂದು ಏನು ಮಾಡ್ಲೇ? ಕಿವುಡಿಯನ್ನ ಹಾಡುಗಾರಿಕೆಗೆ ಕರೆದ ಹಾಗಾಯ್ತು." ಹಾಗೆನ್ನುತ್ತಲೇ ಅವರು ಎದ್ದರು. ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯ ಪಕ್ಕದಲ್ಲಿದ್ದ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಕೀಲಿಕೈ ತಂದರು. ದಿನಾ ಕಾಫಿ ಮಾಡುವಾಗ ಅವಳ ಮೊಣಕೈ ಆ ಡಬ್ಬಿಗೆ ತಾಗುತ್ತಿತ್ತು.

ಎಲ್ಲಿಗೂ ಹೋಗದ ಕಾರಿನಲ್ಲಿ ಅತ್ತೆ ಸೀಟ್ ಬೆಲ್ಟ್ ಬಿಗಿದುಕೊಂಡು ಕೂತರು. ಅವಳು ಕೀ ತಿರುಗಿಸಿದಳು. ಎಂಜಿನ್ ಹತ್ತಿತು, ಗುರುಗುಟ್ಟಿತು, ಒಂದು ಹದಕ್ಕೆ ಬಂದು ನಿಂತಿತು. ಕೀರಲು ಇಲ್ಲ. ಸ್ವಲ್ಪವೂ ಇಲ್ಲ. ಬೆಳಿಗ್ಗೆ ಕೇಳಿಸಿದ್ದು ಹಾಗಾದರೆ? ಅವನ ಮುಖ ನೋಡಿದಾಗ, ಮಗಳು ಅವನ ಮುಖ ನೋಡಿದಾಗ, ಅಷ್ಟು ಗಟ್ಟಿಯಾಗಿ ಕಿವಿಗೆ ಚುಚ್ಚುತ್ತಿದ್ದದ್ದು? "ಬಂತಾ?" ಎಂದರು ಅತ್ತೆ, ಬಸ್ಸು ಬಂತಾ ಎಂದು ಕೇಳುವ ಹಾಗೆ. "ಇಲ್ಲ." "ಬರ್ಲಿ ಬಿಡು, ನಮಗೇನು ಹಾಲು ಒಲೆ ಮೇಲಿದೆಯಾ." ಅವರು ಕಿಟಕಿಯಾಚೆ ನೋಡುತ್ತಾ ಕೂತರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಿಧಾನಕ್ಕೆ ಮೇಲೇರುತ್ತಿತ್ತು. ಅದು ನಡುವಿನ ಗೆರೆ ಮುಟ್ಟುವ ಹೊತ್ತಿಗೆ ಎಲ್ಲಿಂದಲೋ ಆ ಎಳೆ ತೆಳ್ಳಗೆ ಮೂಡಿತು, ಬಿಗಿಯಿತು, ನಿಂತಿತು. ಅವಳು ಎರಡೂ ಕಿವಿಗೆ ಬೆರಳಿಟ್ಟಳು. ಶಬ್ದ ನಿಂತಿತು. ಬೆರಳು ತೆಗೆದಳು, ಬಂತು. ಮತ್ತೆ ಇಟ್ಟಳು, ನಿಂತಿತು. ಕಿವಿ ಮುಚ್ಚಿದರೆ ನಿಲ್ಲುವ ಶಬ್ದ! ಇಷ್ಟು ಸಣ್ಣ ಉಪಕಾರಕ್ಕೆ ಅವಳ ಕಣ್ಣು ತುಂಬಿಬಂತು. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಳು. ಕೀರಲು ಎಂಜಿನ್ನಿನ ಜೊತೆ ಏರಿ ಅದರ ಅಬ್ಬರದಲ್ಲಿ ಮುಳುಗಿತು. ಬಿಟ್ಟಳು, ಇಳಿದು ತನ್ನ ಜಾಗಕ್ಕೆ ಬಂತು. ತಲೆಯೊಳಗಿನ ದನಿ ಕಾಲಿನ ಮಾತು ಕೇಳುವುದಿಲ್ಲ. ಇದು ಕೇಳುತ್ತಿತ್ತು, ಒಳ್ಳೆಯ ಮಗುವಿನ ಹಾಗೆ.

ಆದರೂ ಅವಳು ಆತುರಪಡಲಿಲ್ಲ. ಆಸೆಯಿಂದಲೇ ಎಷ್ಟೋ ಸಲ ತಪ್ಪು ಫಲಿತಾಂಶ ಬರುತ್ತದೆ. ಏಸಿ ಹಾಕಿದಳು, ಆರಿಸಿದಳು: ಕೀರಲಿಗೆ ಏನೂ ಅನ್ನಿಸಲಿಲ್ಲ. ಸ್ಟಿಯರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು: ಏನೂ ಬದಲಾಗಲಿಲ್ಲ. ದೀಪ ಹಾಕಿದಳು: ಇಲ್ಲ. ಇಳಿದು ಬಾನೆಟ್ ಎತ್ತಿ, ಕೂದಲನ್ನು ಗಂಟು ಹಾಕಿ, ತೋಳು ಮಡಿಸಿಕೊಂಡು ನಿಂತಳು. ಎಂಜಿನ್ನಿನ ಪಕ್ಕದಲ್ಲಿ ಒಂದೇ ಉದ್ದನೆಯ ಬೆಲ್ಟು ಹಾವಿನ ಹಾಗೆ ನಾಲ್ಕಾರು ಚಕ್ರಗಳನ್ನು ಸುತ್ತಿ ಓಡುತ್ತಿತ್ತು. ಮನೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ತಿರುಗದ ಜಾಗ ನೋಡಿ ಒಂದೊಂದೇ ಭಾಗದ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಳು. ಒಂದರಲ್ಲಿ ಬರೀ ಗುಂಯ್. ಇನ್ನೊಂದರಲ್ಲಿ ನೀರು ಹರಿದ ಹಾಗೆ. ಕೆಳಗೆ ಒಂದು ಚಿಕ್ಕ ಚಕ್ರವಿತ್ತು; ಅದಕ್ಕೆ ಬೇರೆ ಕೆಲಸವಿದ್ದ ಹಾಗೆ ಕಾಣಲಿಲ್ಲ, ಬೆಲ್ಟಿಗೆ ದಾರಿ ತೋರಿಸುತ್ತಾ ಸುಮ್ಮನೆ ತಿರುಗುತ್ತಿತ್ತು. ಅದರ ನಡುವಿನ ಬೋಲ್ಟಿನ ಮೇಲೆ ಸ್ಕ್ರೂಡ್ರೈವರ್ ಇಟ್ಟಾಗ ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಹಾಗೆ ಒಂದು ಸದ್ದು ಅವಳ ತಲೆಬುರುಡೆಯೊಳಕ್ಕೆ ಇಳಿಯಿತು.

"ಅತ್ತೆ, ಬನ್ನಿ ಇಲ್ಲಿ. ಇದನ್ನ ಕಿವಿ ಹಿಂದೆ ಇಟ್ಕೊಳ್ಳಿ."

ಅತ್ತೆ ಭಕ್ತಿಯಿಂದ ಇಟ್ಟುಕೊಂಡರು. "ಜುಂ ಅಂತಿದೆ."

"ಈಗ ಇಲ್ಲಿ?"

"ಅಲ್ಲೂ ಜುಂ ಅಂತಿದೆ. ಎಲ್ಲಾ ಒಂದೇ ಜುಂ ಕಣೇ." ಸೊಸೆಯ ಮುಖ ಇಳಿದದ್ದನ್ನು ಅವರು ಕಂಡರು. ಸ್ಕ್ರೂಡ್ರೈವರನ್ನು ಅವಳ ಕೈಗೆ ಹಿಂತಿರುಗಿಸಿ, "ಇಲ್ಲೇ ನಿಂತು ಕಾರಿನ ನಾಡಿ ಹಿಡಿದ್ರೆ ಅದು ವಾಸಿಯಾಗುತ್ತಾ? ನಡಿ, ಗ್ಯಾರೇಜಿಗೆ ಹೋಗೋಣ," ಎಂದರು.

"ಎಲ್ಲಿಗೂ ಹೋಗಲ್ಲ ಅಂದಿದ್ದೆ."

"ನೀನು ಅಂದಿದ್ದೆ. ನಾನೇನು ಅಂದಿದ್ನಾ?"

ರಸ್ತೆಗಿಳಿದಾಗ ಕೈಕಾಲು ಅವಳನ್ನು ಕೇಳದೆಯೇ ಕೆಲಸ ಮಾಡಿದವು. ಇಷ್ಟು ದಿನ ತನ್ನನ್ನು ಬಿಟ್ಟು ಅವು ಎಲ್ಲಿಗೂ ಹೋಗಿರಲಿಲ್ಲ. ಗ್ಯಾರೇಜಿನವನನ್ನು ಬೀದಿಯವರೆಲ್ಲ ಗುನುಗಪ್ಪ ಎನ್ನುತ್ತಿದ್ದರು. ಕೆಲಸ ಮಾಡುವಾಗ ಯಾವುದೋ ಒಂದು ರಾಗವನ್ನು ಮೂಗಿನಲ್ಲೇ ಗುನುಗುತ್ತಿದ್ದದ್ದರಿಂದ. ಗಾಳಿ ತುಂಬುವ ಯಂತ್ರ ಬಡಬಡಿಸುತ್ತಿತ್ತು, ಎಲ್ಲೋ ತಗಡು ಬಡಿಯುತ್ತಿದ್ದರು. ಅವಳು ಶಬ್ದದ ವಿಷಯ ಹೇಳಿದಳು. ಅವನು ಬಗ್ಗಿ ಆಲಿಸಿದ, ಗುನುಗು ನಿಲ್ಲಿಸದೆಯೇ. "ಹಳೇ ಗಾಡಿ ಅಲ್ವಾ ಮೇಡಂ, ಸಣ್ಣಪುಟ್ಟ ಶಬ್ದ ಇದ್ದೇ ಇರುತ್ತೆ." ಆಮೇಲೆ ಅವಳ ತಲೆಯ ಮೇಲಿಂದ ಅತ್ತೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ: "ಅಮ್ಮ, ಸಾರ್‌ಗೊಂದು ಫೋನ್ ಮಾಡ್ಲಾ?"

ಹಾಗಾದರೆ ಇವನಿಗೂ ಗೊತ್ತು. ಗೊತ್ತಿರಲೇಬೇಕು; ಬೀದಿಯ ಬಾಯಿಗೆ ಬಾಗಿಲೆಲ್ಲಿ. ಅವಳು ನೆಲ ನೋಡಿದಳು. ಎಣ್ಣೆಯ ಕಲೆ, ಒಂದು ನಟ್ಟು, ತನ್ನದೇ ಚಪ್ಪಲಿ.

"ಏನಪ್ಪಾ?" ಎಂದರು ಅತ್ತೆ.

"ಸಾರ್‌ಗೆ ಫೋನ್ ಮಾಡ್ಲಾ ಅಂದೆ."

"ಕೇಳಿಸ್ತಿಲ್ಲಪ್ಪ ನಂಗೆ. ಏನಿದ್ರೂ ಅವಳನ್ನೇ ಕೇಳು."

ಅವನು ಅನಿವಾರ್ಯವಾಗಿ ಅವಳ ಕಡೆ ತಿರುಗಿದ. ಅವಳು ತಲೆಯೆತ್ತಿದಳು. "ಫೋನ್ ಮಾಡಿ. ಬರ್ಲಿ ಅವರು. ಆಮೇಲೆ ಈ ಬೆಲ್ಟ್ ಬಿಚ್ಚಿ, ಅದಿಲ್ಲದೆ ಒಂದು ಗಳಿಗೆ ಎಂಜಿನ್ ಓಡಿಸಿ."

ಅವನು ಫೋನ್ ಮಾಡಿದ, ಬೆಲ್ಟನ್ನೂ ಬಿಚ್ಚಿದ. ಬೆಲ್ಟಿಲ್ಲದೆ ಎಂಜಿನ್ ಹತ್ತಿತು. ಕೀರಲು ಇಲ್ಲ. "ಈಗ ಇಲ್ಲ" ಎಂದಳು. "ಮೊದಲೂ ನಂಗೆ ಅಷ್ಟಾಗಿ..." ಎಂದು ಅವನು ರಾಗ ಎಳೆದು, ಎಂಜಿನ್ ಆರಿಸಿದ. ಸದ್ದಡಗಿದ ಎಂಜಿನ್ನಿನಲ್ಲಿ ಆ ಚಿಕ್ಕ ಚಕ್ರ ಅಮಾಯಕವಾಗಿ ಕೂತಿತ್ತು. ಅವಳು ಕೈ ಒಳಗೆ ಹಾಕಿದಳು. ಮುಟ್ಟುವ ಮುನ್ನ ತಡೆದಳು. ಇದು ನುಣ್ಣಗೆ ತಿರುಗಿದರೆ? ಕಿವಿಗೆ ಬೆರಳಿಟ್ಟದ್ದು, ಆಕ್ಸಿಲರೇಟರ್ ಒತ್ತಿದ್ದು, ಸ್ಕ್ರೂಡ್ರೈವರ್ ಹಿಡಿದದ್ದು, ಎಲ್ಲದಕ್ಕೂ ಸಾಕ್ಷಿ ತಾನೊಬ್ಬಳೇ. ಸಾಕ್ಷಿಯ ಮೇಲೆಯೇ ಅಲ್ಲವೇ ಎಲ್ಲರಿಗೂ ಅನುಮಾನ. ನುಣ್ಣಗೆ ತಿರುಗಿದರೆ ನಾಳೆ ಗಂಡನಿಗಿಂತ ಮೊದಲು ತಾನೇ ವೈದ್ಯೆಗೆ ಹೇಳುವುದು, ಏನೂ ಮುಚ್ಚಿಡದೆ, ಕೊಟ್ಟಷ್ಟು ಮಾತ್ರೆ ನುಂಗುವುದು, ಸೋಮವಾರ ಬೇಡ ಎಂದರೆ ಬೇಡ. ಹಾಗೆಂದು ತೀರ್ಮಾನಿಸಿದ ಮೇಲೆ ಅವಳು ಚಕ್ರ ತಿರುಗಿಸಿದಳು. ಮರಳು ತುಂಬಿದ ಹಾಗೆ ಬೆರಳಿಗೆ ಗರಗರ ಎಂದಿತು. ಮತ್ತೆ ತಿರುಗಿಸಿದಳು. ಗರಗರ. ಪಕ್ಕದ ಚಕ್ರಗಳನ್ನು ತಿರುಗಿಸಿದಳು, ಬೆಣ್ಣೆ. ಮತ್ತೆ ಇದು, ಮರಳು.

"ನೀವು ತಿರುಗಿಸಿ ನೋಡಿ."

ಗುನುಗಪ್ಪ ತಿರುಗಿಸಿದ. ಗುನುಗು ನಿಂತಿತು. "ಅರೆ! ಇದರ ಬೇರಿಂಗ್ ಹೋಗಿದೆ ಮೇಡಂ. ಗ್ರೀಸೇ ಇಲ್ಲ, ಒಣಗಿ ಕಡ್ಡಿಯಾಗಿದೆ." ಬಿಚ್ಚಿ ಕೈಗೆ ತೆಗೆದುಕೊಂಡು ಜೋರಾಗಿ ತಿರುಗಿಸಿ ಕಿವಿಯ ಹತ್ತಿರ ಹಿಡಿದ. "ನೋಡಿ, ಹೆಂಗೆ ಕಿರುಚ್ತಿದೆ! ಹಿಂಗೇ ಬಿಟ್ಟಿದ್ರೆ ಒಂದಿನ ನಡು ರಸ್ತೇಲಿ ಕಚ್ಕೊಂಡು ಬೆಲ್ಟ್ ಹರಿದುಹೋಗ್ತಿತ್ತು." ಅವಳು ಕಾರಿನ ಅಂಚು ಹಿಡಿದುಕೊಂಡಳು. ಅತ್ತೆ "ಏನಂತೆ? ಏನಂತೆ?" ಎನ್ನುತ್ತಿದ್ದರು. "ಇದೆಯಂತೆ ಅತ್ತೆ," ಎಂದಳು, ಆ ಮಾತನ್ನು ನಿಧಾನವಾಗಿ, ಅದರ ರುಚಿ ನೋಡುತ್ತಾ. "ಇದೆಯಂತೆ."

ಗಂಡ ಆಗ ಬಂದ. ಓಡಿಬಂದಿದ್ದ. ಅಂಗಡಿಯ ಏಪ್ರನ್ನೂ ಬಿಚ್ಚಿರಲಿಲ್ಲ, ಗಾಜು ಅರೆದ ಬಿಳಿ ಪುಡಿ ಮುಂಗೈಯಲ್ಲಿ ಹಾಗೆಯೇ ಇತ್ತು. ಕಣ್ಣು ಮೊದಲು ಅವಳನ್ನು ಹುಡುಕಿ, ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ತಾಯಿಯನ್ನು ನೋಡಿತು. ದಾರಿಯುದ್ದಕ್ಕೂ ಅವನು ಏನೇನು ಊಹಿಸಿಕೊಂಡು ಬಂದಿರಬಹುದೆಂಬುದು ಆ ಮುಖದಲ್ಲಿ ಬರೆದಂತಿತ್ತು. ಅವನಿಗಾಗಿ ಅವಳು ಬೆಳಿಗ್ಗೆಯಿಂದ ಒಂದು ಮಾತನ್ನು ಮಸೆದಿಟ್ಟುಕೊಂಡಿದ್ದಳು. ಈಗ ಯಾರಿಗೆ ಮಾತ್ರೆ ಕೊಡಿಸೋಣ ಎಂಬ ಮಾತು. ಅದು ನಾಲಗೆಯ ತುದಿಯಲ್ಲಿ ಹೊಳೆಯುತ್ತಿತ್ತು.

"ಸಾರ್, ಮೇಡಂ ಹೇಳಿದ್ದೇ ಸರಿ. ಇಲ್ನೋಡಿ," ಎಂದು ಗುನುಗಪ್ಪ ಚಕ್ರವನ್ನು ಅವನ ಕಿವಿಯ ಪಕ್ಕಕ್ಕೆ ಹಿಡಿದು ಬೀಸಿ ತಿರುಗಿಸಿದ. ಅವಳಿಗೆ ಆರು ಮಾರು ದೂರಕ್ಕೂ ಆ ಕೀರಲು ಹಲ್ಲು ಜುಮ್ಮೆನ್ನುವಷ್ಟು ಸ್ಪಷ್ಟವಾಗಿತ್ತು. ಗಂಡ ತಲೆ ಓರೆ ಮಾಡಿದ. ಹುಬ್ಬು ಗಂಟಿಕ್ಕಿದ. ಒಂದು ಕ್ಷಣ ತಡೆದು, "ಹೂಂ... ಹೌದು ಹೌದು," ಎಂದ. ಆ ಒಂದು ಕ್ಷಣವನ್ನು ಅವಳು ಕಂಡಳು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಕ್ಷಣ. ಕೇಳಿಸುತ್ತಿದ್ದಾಗ ಇಲ್ಲ ಇಲ್ಲ ಎನ್ನುವ ಮುನ್ನ, ಎದುರಿನವರ ಮುಖದಲ್ಲಿ ಯಾವ ಉತ್ತರ ಬೇಕಾಗಿದೆ ಎಂದು ಹುಡುಕುವ ಕ್ಷಣ. ಅವಳು ಅದನ್ನು ತಿಂಗಳುಗಟ್ಟಲೆ ಬದುಕಿದ್ದಳು. ಅವನಿಗೆ ಏನೂ ಕೇಳಿಸಿರಲಿಲ್ಲ. ಕಿವಿಯ ಪಕ್ಕದಲ್ಲೇ ಕಿರುಚುತ್ತಿದ್ದರೂ. ಮಸೆದ ಮಾತು ಅವಳ ಬಾಯಲ್ಲೇ ಮೊಂಡಾಯಿತು. ಗುನುಗಪ್ಪನಿಗೆ "ಹೊಸದು ಹಾಕಿ" ಎಂದಳಷ್ಟೆ.

ಹೊಸ ಚಕ್ರ ಬಂದು ಬೆಲ್ಟು ಏರುವ ಹೊತ್ತಿಗೆ ಶಾಲೆ ಬಿಡುವ ಸಮಯವಾಗಿತ್ತು. ಅವಳೇ ಓಡಿಸಿದಳು. ಗಂಡ ಪಕ್ಕದಲ್ಲಿ ಏಪ್ರನ್ ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಪರವೂರಿನವನ ಹಾಗೆ ಕೂತಿದ್ದ. ಶಾಲೆಯ ಮುಂದೆ ಕಾರು ನಿಂತಲ್ಲೇ ಗುರುಗುಟ್ಟುತ್ತಿತ್ತು. ಗುರುಗುರು ಮಾತ್ರ, ಅದರ ಮೇಲೆ ಎಳೆಯಿಲ್ಲ. ಮಗಳು ಬ್ಯಾಗು ಒಳಕ್ಕೆ ಎಸೆದು, ಅಜ್ಜಿಯನ್ನು ತಳ್ಳಿಕೊಂಡು ಹತ್ತಿ ಕೂತವಳೇ ಕೂಗಿದಳು: "ಅರೆ! ಆ ಕೀ ಕೀ ನಿಂತೋಯ್ತಲ್ಲ!"

ಏನು ಹೇಳಿಬಿಟ್ಟೆನೆಂದು ಮಗಳಿಗೆ ಆಮೇಲೆ ಹೊಳೆದಿರಬೇಕು, ಕನ್ನಡಿಯಲ್ಲಿ ಅವಳ ಮುಖ ಸಣ್ಣದಾಯಿತು.

"ಮತ್ತೆ ಬೆಳಿಗ್ಗೆ ಇಲ್ಲ ಅಂದೆ?" ಅವಳು ಕೇಳಿದಳು. ದನಿಯಲ್ಲಿ ಗದರಿಕೆ ಬಾರದಂತೆ ನೋಡಿಕೊಂಡಳು.

"ಅಪ್ಪ ಹೆದರ್ಕೋತಾರೆ ಅಂತ."

ಅವನು ಕೈಯಲ್ಲಿನ ಬಿಳಿ ಪುಡಿಯನ್ನು ಉಗುರಿನಿಂದ ಕೆರೆಯುತ್ತಿದ್ದ. "ನಂಗೆ ಕೇಳಿಸ್ತಾ ಇರ್ಲಿಲ್ಲ ಕಣೇ," ಎಂದ. "ಗ್ಯಾರೇಜಲ್ಲೂ ಕೇಳಿಸ್ಲಿಲ್ಲ. ಸುಳ್ಳು ಹೇಳಿದೆ." ಆಮೇಲೆ ಒಂದೊಂದೇ ಹೊರಬಂತು: ಅಂಗಡಿಯಲ್ಲಿ ಗಾಜು ಅರೆಯುವ ಯಂತ್ರ ಮೊದಲೆಲ್ಲ ಚೀರುತ್ತಿತ್ತು, ಈಗ ಅದು ಸುಮ್ಮನೆ ನಡುಗುತ್ತದೆ, ಯಂತ್ರವೇ ಮೆತ್ತಗಾಗಿದೆ ಎಂದುಕೊಂಡಿದ್ದ. ಗಿರಾಕಿಗಳು ಗೊಣಗುವುದು ಹೆಚ್ಚಾಗಿದೆ ಎಂದುಕೊಂಡಿದ್ದ. "ನಿಂದೇ ಏನೋ ಮತ್ತೆ ಶುರುವಾಯ್ತು ಅಂತ... ನಂದು ಇರ್ಬಹುದು ಅಂತ ಹೊಳೀಲೇ ಇಲ್ಲ."

"ಏನಂತಾನೆ ಅವನು?" ಹಿಂದಿನಿಂದ ಅತ್ತೆ.

"ಅಪ್ಪಂಗೆ ಕಿವಿ ಸರಿಯಾಗಿ ಕೇಳಿಸಲ್ವಂತೆ ಅಜ್ಜಿ!" ಮಗಳು ಕೂಗಿ ಹೇಳಿದಳು.

"ಹಂಗಾದ್ರೆ ನನ್ನ ಮಗನೇ, ಅನುಮಾನ ಬೇಡ," ಎಂದರು ಅತ್ತೆ. ಮೊದಲು ನಕ್ಕವಳು ಅವಳು. ತಡೆಯಲಾಗದೆ ಸ್ಟಿಯರಿಂಗಿಗೆ ಹಣೆಯಿಟ್ಟು ನಕ್ಕಳು, ಅವನೂ ನಕ್ಕ, ನಗುವಿನ ಮಧ್ಯೆ ಅವನ ಕಣ್ಣಿನಲ್ಲಿ ಭಯ ಹಾಗೆಯೇ ಇತ್ತು. ಆ ಭಯವನ್ನು ಹೇಗೆ ನೋಡಬೇಕೆಂದು ಅವಳು ಯೋಚಿಸಿದಳು. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗಂತೂ ನೋಡಬಾರದು. ಅದೊಂದನ್ನು ಅವಳು ಗಟ್ಟಿ ಮಾಡಿಕೊಂಡಳು.

ಮರುದಿನ ವೈದ್ಯೆ ಎಂದಿನಂತೆ ಅವನ ಕಡೆ ತಿರುಗಿ, "ಏನಾದರೂ ಕೇಳಿಸುತ್ತೆ ಅಂತಾರಾ?" ಎಂದಾಗ ಅವನು, "ಅವಳನ್ನೇ ಕೇಳಿ ಡಾಕ್ಟರ್, ನಂಗೇ ಕೇಳಿಸಲ್ಲ" ಎಂದುಬಿಟ್ಟ. ಅವಳು ಎಲ್ಲವನ್ನೂ ಹೇಳಿದಳು, ಕಿವಿಗೆ ಬೆರಳಿಟ್ಟದ್ದರಿಂದ ಹಿಡಿದು ಮರಳು ತುಂಬಿದ ಚಕ್ರದವರೆಗೆ. ವೈದ್ಯೆ ಪೆನ್ನು ಕೆಳಗಿಟ್ಟು ಕೇಳಿದರು. ಸೋಮವಾರ ಕೆಲಸಕ್ಕೆ ಹೋಗಿ ಎಂದರು. ಆದರೆ ಮಾತ್ರೆ ಈಗಿರುವಷ್ಟೇ ಮುಂದುವರಿಯಲಿ, ಒಂದು ಬೇರಿಂಗಿನಿಂದ ಎಲ್ಲಾ ತೀರ್ಮಾನವಾಗೋದಿಲ್ಲ ಎಂದೂ ಸೇರಿಸಿದರು. ಅವಳು ತಲೆದೂಗಿದಳು. ಅದು ಅವಳಿಗೂ ಗೊತ್ತಿತ್ತು. ಗಂಡನಿಗೆ ಕಿವಿ ಪರೀಕ್ಷೆಯ ಕೋಣೆ ಯಾವ ಮಹಡಿಯಲ್ಲಿದೆಯೆಂದು ತೋರಿಸಿದರು. ಅವನು ಮುಂದಿನ ವಾರಕ್ಕೆ ಹೆಸರು ಬರೆಸಿದ.

ವಾಪಸ್ಸು ಬರುವಾಗ ಅವನು ಓಡಿಸುತ್ತಿದ್ದ. ರೈಲ್ವೆ ಗೇಟು ಹಾಕಿತ್ತು. ಮುಂದೆ ಒಂದು ಲಾರಿ, ಹಿಂದೆ ಸಾಲು. ಕಾರು ನಿಂತಲ್ಲೇ ಓಡುತ್ತಿತ್ತು. ಇಬ್ಬರೂ ಸುಮ್ಮನೆ ಕೂತಿದ್ದರು. ಬಹಳ ದಿನಗಳ ಮೇಲೆ ಆ ಸುಮ್ಮನಿರುವಿಕೆಗೆ ಯಾರೂ ಕಾವಲು ನಿಂತಿರಲಿಲ್ಲ. ಆಗ ಅವಳಿಗೆ ಏನೋ ಕೇಳಿಸಿತು. ಕಾರಿನದಲ್ಲ. ಬಹಳ ಸಣ್ಣದು, ದೂರದ್ದು, ಹಾಡಿನಂತೆಯೂ ಇತ್ತು, ಕಬ್ಬಿಣದ ಮೇಲೆ ಕಬ್ಬಿಣ ಎಳೆದಂತೆಯೂ ಇತ್ತು. ಬಂತು, ಹೋಯಿತು, ಮತ್ತೆ ಬಂತು. ವಿಳಾಸ ಕೇಳಿದಳು, ಅದು ಹೇಳಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಇಂಥ ಒಳ್ಳೆಯ ದಿನವನ್ನು ಯಾಕೆ ಕೆಡಿಸಬೇಕು. ಅವಳು ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಎದುರಿನ ಲಾರಿಯ ಮೇಲೆ ಕಣ್ಣು ನೆಟ್ಟು ಹೇಳಿದಳು:

"ರೀ, ನಂಗೆ ಏನೋ ಕೇಳಿಸ್ತಿದೆ. ಏನು ಅಂತ ಗೊತ್ತಾಗ್ತಿಲ್ಲ."

ಅವನು ಅವಳ ಮುಖ ನೋಡಲಿಲ್ಲ. ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿ, ತಲೆಯನ್ನು ಹೊರಗೆ ಚಾಚಿ ಕೇಳಿದ:

"ಯಾವ ಕಡೆಯಿಂದ?"